ಮಗಳು ಮಕ್ಕಳ ಸಿಸ್ಟರ್ ಆಗುತ್ತಾಳಂತೆ, ಯಾವ ಕೋರ್ಸ್?

ಶಾರ್ಜಾದ ಆಸ್ಪತ್ರೆಯೊಂದರ ಫಾರ್ಮಸಿ ಕೌಂಟರ್‌ನಲ್ಲಿ ನಿಂತು ಹದಿನೈದು ವರ್ಷವಾಯಿತು. ಮಾತ್ರೆಗೆಂದು ಬರುವ ನಮ್ಮೂರವರು ಮಕ್ಕಳ ಓದಿನ ವಿಚಾರವನ್ನೂ ಕೇಳುತ್ತಾರೆ. ಕಳೆದ ವರ್ಷ ಕೊಪ್ಪಳ ಕಡೆಯ ಡ್ರೈವರ್ ಒಬ್ಬರು ಬಿ.ಪಿ. ಮಾತ್ರೆ ತೆಗೆದುಕೊಂಡು ಪಕ್ಕಕ್ಕೆ ನಿಂತರು.

"ಅಕ್ಕಾರ, ಮಗಳು ಪಿಯುಸಿ ಆರ್ಟ್ಸ್ ಮುಗಿಸ್ಯಾಳ. ಅಂಗನವಾಡಿಗೆ ಬಂದು ಕೂಸುಗಳಿಗೆ ಸೂಜಿ ಹಾಕ್ತಾರಲ್ಲ, ಆ ಸಿಸ್ಟರ್ ಆಗ್ತೀನಿ ಅಂತಾಳ. ಆರು ತಿಂಗಳ ಕೋರ್ಸ್, ಎಂಬತ್ತು ಸಾವಿರ, ಆಮ್ಯಾಗ ದುಬೈ ನೌಕರಿ ಗ್ಯಾರಂಟಿ ಅಂತ ಒಬ್ಬಾತ ಹೇಳ್ಯಾನ. ರೊಕ್ಕ ಕಳಸಲೇನ್ರಿ?"

"ಇವತ್ತು ಕಳಿಸಬೇಡಿ ಅಣ್ಣಾ" ಎಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕೆಲಸ ಎಂಥದ್ದೆಂದು ತಿಳಿಯಬೇಕು. ಬಯಲು ಸೀಮೆಯಲ್ಲಿ ಸುಮಾರು 5,000 ಜನಕ್ಕೆ ಒಂದು ಉಪಕೇಂದ್ರ. ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ. 6, 10, 14 ವಾರಕ್ಕೆ ಪೆಂಟಾವೇಲೆಂಟ್. 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ. ಇದನ್ನೆಲ್ಲ ತಾಯಿ ಕಾರ್ಡ್ ನೋಡಿ ತಪ್ಪದೆ ಹಾಕಬೇಕು. ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಕಾಯಬೇಕು. ಬಿಸಿಯಾದರೆ ಮಾತ್ರ ಕೆಡುತ್ತದೆಂದು ಜನ ತಿಳಿದಿದ್ದಾರೆ, ಪೆಂಟಾವೇಲೆಂಟ್ ಹೆಪ್ಪುಗಟ್ಟಿದರೂ ಕೆಟ್ಟಿತೆಂದೇ ಲೆಕ್ಕ. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ, ಕೂಡಲೇ ಮೇಲಿನ ಆಸ್ಪತ್ರೆಗೆ ಕಳಿಸಬೇಕು. ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ 14 ದಿನ ಜಿಂಕ್ ಕೊಡಬೇಕು. ಭೇದಿ ನಿಂತಿತೆಂದು ಮೂರನೇ ದಿನಕ್ಕೇ ಬಿಡುವ ತಾಯಿಗೆ ತಿಳಿಹೇಳುವುದೂ ಸಿಸ್ಟರ್ ಕೆಲಸವೇ. ಆರು ತಿಂಗಳ ಕಾಗದದಿಂದ ಇದು ಬರುವಂಥದ್ದಲ್ಲ.

ನಿಜವಾದ ದಾರಿ ಮೂರು. ಎಎನ್‌ಎಂ ಎರಡು ವರ್ಷ. ಊರಿನ ಉಪಕೇಂದ್ರದ ಕೆಲಸಕ್ಕೆ ನೇರ ದಾರಿ. ಜಿಎನ್‌ಎಂ ಮೂರು ವರ್ಷ. ಇಂಗ್ಲಿಷ್ ಪಾಸಾಗಿ ಒಟ್ಟು 40 ಶೇಕಡಾ ಇದ್ದರೆ ಆರ್ಟ್ಸ್‌ನವರೂ ಸೇರಬಹುದು. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಇದಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಲೇಬೇಕು. ಮೂರರಲ್ಲೂ ಮಕ್ಕಳ ಶುಶ್ರೂಷೆ, ಸಮುದಾಯ ಆರೋಗ್ಯ ಎರಡನ್ನೂ ಕಲಿಸುತ್ತಾರೆ. ಎಎನ್‌ಎಂ ಮುಗಿಸಿ ನೋಂದಣಿಯಾದವರು ಮುಂದೆ ಜಿಎನ್‌ಎಂಗೂ ಸೇರಬಹುದು.

ಆರು ತಿಂಗಳ ಕೋರ್ಸ್ ಒಂದು ಇರುವುದು ನಿಜ. ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗೆಂದು, ಜಿಎನ್‌ಎಂ ಅಥವಾ ಬಿಎಸ್ಸಿ ಮುಗಿಸಿದ ನರ್ಸ್‌ಗಳಿಗೆ ಕೊಡುವ ತರಬೇತಿ ಅದು. ಪಿಯುಸಿ ಮುಗಿಸಿದ ಹುಡುಗಿಗಲ್ಲ. ಏಜೆಂಟರು ಹೆಸರನ್ನಷ್ಟೇ ಎತ್ತಿಕೊಳ್ಳುತ್ತಾರೆ.

ಗಲ್ಫ್ ಮಾತು ಬೇರೆ. ಇಲ್ಲಿ ಲೈಸೆನ್ಸ್ ಪರೀಕ್ಷೆ ಇದೆ; ಡೇಟಾಫ್ಲೋದವರು ಕಾಲೇಜಿಗೂ ನರ್ಸಿಂಗ್ ಕೌನ್ಸಿಲ್‌ಗೂ ಬರೆದು ಸರ್ಟಿಫಿಕೇಟ್ ಅಸಲಿಯೋ ಎಂದು ಕೇಳುತ್ತಾರೆ. ಎಎನ್‌ಎಂ ಒಂದರಿಂದಲೇ ಸ್ಟಾಫ್ ನರ್ಸ್ ಲೈಸೆನ್ಸ್ ಸಿಗದು. ಬಿಎಸ್ಸಿಗೆ ಬಾಗಿಲು ಹೆಚ್ಚು. ನಿಯಮ ಆಗಾಗ ಬದಲಾಗುವುದರಿಂದ ಆಯಾ ದೇಶದ ಆರೋಗ್ಯ ಇಲಾಖೆಯ ಪ್ರಕಟಣೆಯನ್ನೇ ನೋಡಿ. ಕಾಲೇಜಿಗೆ ಹಣ ಕಟ್ಟುವ ಮೊದಲು ಭಾರತೀಯ ನರ್ಸಿಂಗ್ ಕೌನ್ಸಿಲ್ ಮತ್ತು ರಾಜ್ಯ ಕೌನ್ಸಿಲ್‌ನ ಪಟ್ಟಿಯಲ್ಲಿ ಅದರ ಹೆಸರಿದೆಯೇ ನೋಡಿ. ಮಾರ್ಕ್ಸ್‌ಕಾರ್ಡಿನ ಹೆಸರು, ಪಾಸ್‌ಪೋರ್ಟಿನ ಹೆಸರು ಒಂದೇ ಇರಲಿ.

ಎಲ್ಲ ಕೇಳಿ ಅವರು, "ಅಕಿ ಇಲ್ಲಿಗೆ ಬರಾಕ ಒಲ್ಲೆ ಅಂದ್ರ?" ಎಂದರು. "ಬರದಿದ್ದರೆ ಊರಿನ ಕೂಸುಗಳಿಗೆ ಒಬ್ಬ ಒಳ್ಳೆಯ ಸಿಸ್ಟರ್ ಸಿಕ್ಕಳು ಅಂತ ತಿಳಿಯಿರಿ" ಎಂದೆ.

ಹುಡುಗಿ ಈಗ ಜಿಎನ್‌ಎಂ ಮೊದಲ ವರ್ಷ. ಹೋದ ತಿಂಗಳು ಅಪ್ಪ ಮಾತ್ರೆಗೆ ಬಂದಾಗ ಫೋನ್ ತೆಗೆದು, ಬಿಳಿ ಸಮವಸ್ತ್ರದಲ್ಲಿ ನಿಂತ ಮಗಳ ಫೋಟೋ ತೋರಿಸಿದರು. ಹಿಂದೆ ಸರದಿಯಲ್ಲಿ ಐದು ಜನ ಕಾಯುತ್ತಿದ್ದರು, ಯಾರೂ ಗೊಣಗಲಿಲ್ಲ.