ಹರಿವ ನೀರಿನಲ್ಲಿ ನಿಲ್ಲಿಸಿದ ಬಾಗಿಲು

ತುಂಗಭದ್ರೆಯ ಎಡದಂಡೆ ಕಾಲುವೆ ಬರುವುದಕ್ಕೆ ಮುಂಚೆ ಸಿಂಧನೂರು ಸೀಮೆಯ ಬಾಳು ಎರೆಹೊಲವನ್ನೂ ಮುಗಿಲನ್ನೂ ನಂಬಿಕೊಂಡಿತ್ತು. ಬಿಳಿಜೋಳ, ಹತ್ತಿ, ಕಡಲೆ. ಮಳೆ ಕೈಕೊಟ್ಟ ವರ್ಷ ಗುಳೆ. ಕಾಲುವೆ ಬಂದ ಮೇಲೆ ಅದೇ ಎರೆ ಗದ್ದೆಯಾಯಿತು. ಊರುಗಳ ಪಕ್ಕದಲ್ಲಿ ಕ್ಯಾಂಪುಗಳು ನೆಲೆಗೊಂಡವು, ರಸ್ತೆಯ ಬದಿಗೆ ಅಕ್ಕಿಗಿರಣಿಗಳು ಎದ್ದವು. ಇಂದು ಸಿಂಧನೂರು, ಸಾಲಗುಂದದ ಈ ಭಾಗದಲ್ಲಿ ಮಗಳ ಮದುವೆ, ಮಗನ ಕಾಲೇಜಿನ ಶುಲ್ಕ, ಜಾತ್ರೆಯ ದಾಸೋಹಕ್ಕೆ ಕೊಡುವ ಅಕ್ಕಿಯ ಚೀಲ, ಇವೆಲ್ಲವೂ ಕಾಲುವೆಯ ನೀರಿನ ಲೆಕ್ಕದ ಮೇಲೆಯೇ ನಿಂತಿವೆ. ಆ ಲೆಕ್ಕವೇ ತಪ್ಪಿಹೋಗಲಿದ್ದ ಒಂದು ವಾರದ ವೃತ್ತಾಂತವನ್ನು ಇಲ್ಲಿ ಹೇಳಬೇಕಾಗಿದೆ.

2024ರ ಆಗಸ್ಟ್ 10, ಶನಿವಾರ, ನಾಗರಪಂಚಮಿಯ ಮರುದಿನ. ಜಲಾಶಯ ಭರ್ತಿಯಾಗಿ 105 ಟಿಎಂಸಿ ನೀರು ನಿಂತಿತ್ತು. ನಾಟಿ ಮುಗಿಸಿದವರು ಕೆಲವರು, ನಾಟಿಯಲ್ಲಿ ತೊಡಗಿದವರು ಹಲವರು. ಆ ರಾತ್ರಿ ಹೊಸಪೇಟೆಯ ಬಳಿಯ ಅಣೆಕಟ್ಟಿನಲ್ಲಿ 19ನೆಯ ಕ್ರಸ್ಟ್ ಗೇಟಿನ ಸರಪಳಿಯ ಕೊಂಡಿ ಕಳಚಿತು. 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಗೇಟು ನೀರಿನ ಸೆಳೆತಕ್ಕೆ ಕೊಚ್ಚಿಕೊಂಡು ಹೋಯಿತು. ಆ ಒಂದೇ ಬಾಯಿಯಿಂದ ಸುಮಾರು 35,000 ಕ್ಯೂಸೆಕ್ ನೀರು ನದಿಗೆ ಧುಮುಕತೊಡಗಿತು. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸುವ ಸಲುವಾಗಿ ಉಳಿದ ಗೇಟುಗಳನ್ನೂ ಎತ್ತಬೇಕಾಗಿ ಬಂದು, ಹೊರಹರಿವು ಲಕ್ಷ ಕ್ಯೂಸೆಕ್ ಮುಟ್ಟಿತು.

ಈ ಸಂಖ್ಯೆಗಳ ಅರ್ಥ ಹೊಲದ ಮೇಲಿಟ್ಟು ನೋಡಿದರೆ ತಿಳಿಯುತ್ತದೆ. ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ ಎಂಟೂವರೆ ಟಿಎಂಸಿಗೂ ಮಿಕ್ಕಿ ನೀರು ಹೋಗುತ್ತದೆ. ಒಂದು ಟಿಎಂಸಿ ಎಂದರೆ ಸುಮಾರು 23,000 ಎಕರೆಯ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರು. ಎಂದರೆ ದಿನವೊಂದಕ್ಕೆ ಎರಡು ಲಕ್ಷ ಎಕರೆಯ ಮೇಲಿನ ಒಂದಡಿ ನೀರು ಯಾರಿಗೂ ದಕ್ಕದೆ ಹೋಗುತ್ತಿತ್ತು. ಶ್ರಾವಣದ ಪುರಾಣ ಮುಗಿದ ಬಳಿಕ ಊರಿನ ಕಟ್ಟೆಗಳ ಮೇಲೆ ಮಾತೆಲ್ಲ ಹತ್ತೊಂಬತ್ತನೆಯ ಗೇಟಿನದೇ ಆದುದರಲ್ಲಿ ಆಶ್ಚರ್ಯವಿಲ್ಲ.

ಮೊದಲು ತೋರಿದ ದಾರಿ ಒಂದೇ. ಗೇಟು ಕುಳಿತುಕೊಳ್ಳುವ ಹೊಸ್ತಿಲು 1,613 ಅಡಿಯ ಮಟ್ಟದಲ್ಲಿದೆ. ಜಲಾಶಯದ ಪೂರ್ಣಮಟ್ಟ 1,633 ಅಡಿ. ನೀರು ಹೊಸ್ತಿಲಿನ ಕೆಳಗೆ ಇಳಿದರೆ ಒಣಜಾಗದಲ್ಲಿ ನಿಂತು ಕೆಲಸ ಮಾಡಬಹುದು. ಅದಕ್ಕೆ ಸುಮಾರು 60 ಟಿಎಂಸಿ ಬಿಟ್ಟುಬಿಡಬೇಕು. ಬಿಟ್ಟರೆ ಎರಡನೆಯ ಬೆಳೆಯ ಮಾತು ಹಾಗಿರಲಿ, ನಿಂತ ಮೊದಲ ಬೆಳೆಗೇ ಸಂಚಕಾರ. ತುರ್ತಿಗೆಂದು ಬೇರೆ ಬಾಗಿಲು ಮಾಡಿಸಿ ಇಟ್ಟಿರಲಿಲ್ಲ. ಎಪ್ಪತ್ತು ವರ್ಷ ದುಡಿದ ಸರಪಳಿಗೆ ಒಂದಲ್ಲ ಒಂದು ದಿನ ಮುಪ್ಪು ಬರುವುದೆಂದು ಬಲ್ಲವರು ಬಾಗಿಲು ಕಿತ್ತುಹೋದರೆ ಏನು ಗತಿಯೆಂದು ಯೋಚಿಸಿರಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಈ ಅಣೆಕಟ್ಟಿನ ಹುಟ್ಟನ್ನು ಸ್ವಲ್ಪ ನೆನೆಯಬೇಕು. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ಮುಗಿದ ಇದನ್ನು ಎಡದಂಡೆಯಿಂದ ಹೈದರಾಬಾದು ಸಂಸ್ಥಾನವೂ ಬಲದಂಡೆಯಿಂದ ಮದ್ರಾಸು ಸರಕಾರವೂ ಕಟ್ಟತೊಡಗಿದವು. ಸಿಮೆಂಟು ಸುಲಭವಾಗಿ ದೊರೆಯದ ಆ ಕಾಲದಲ್ಲಿ ಕಲ್ಲಿನ ಕಟ್ಟಡಕ್ಕೆ ಬಳಸಿದ್ದು ಸುಣ್ಣ ಮತ್ತು ಸುರ್ಕಿಯ ಗಾರೆ. ಸುರ್ಕಿ ಎಂದರೆ ಸುಟ್ಟ ಮಣ್ಣಿನ ಪುಡಿ. ಸುಣ್ಣದೊಡನೆ ಬೆರೆತಾಗ ಅದು ನೀರಿನಲ್ಲಿಯೂ ಗಟ್ಟಿಯಾಗುತ್ತದೆ. ನಮ್ಮ ಹಳೆಯ ಮಠಗಳ ಗಚ್ಚಿನ ಗೋಡೆಗಳನ್ನು ಕಂಡವರಿಗೆ, ಗಾರೆ ಅರೆಯುವ ಕಲ್ಲಿನ ಗಾಣವನ್ನು ಬಲ್ಲವರಿಗೆ ಇದು ಹೊಸತಲ್ಲ. ಅಂಥ ಪುರಾತನ ಗಾರೆಯ ಗೋಡೆಯ ಮೇಲೆ ಆ ಕಾಲದ ಹೊಸ ವಿದ್ಯೆಯಾದ ಉಕ್ಕಿನ ಗೇಟು, ಸರಪಳಿ, ಸಮತೂಕದ ಭಾರಗಳನ್ನು ಕೂಡಿಸಿದ್ದರು. ವಿಜಯನಗರದ ಅರಸರ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆಗಳಿಗೂ ಇಂದು ನೀರು ಬರುವುದು ಇದೇ ಜಲಾಶಯದಿಂದ. ಹಳತಕ್ಕೆ ಹೊಸತನ್ನು ಬೆಸೆಯುವುದು ಇಲ್ಲಿ ಮೊದಲಿನಿಂದ ನಡೆದುಬಂದ ರೂಢಿಯೇ. 2024ರಲ್ಲಿ ಕೆಟ್ಟದ್ದು ಕಲ್ಲುಗಾರೆಯಲ್ಲ, ಉಕ್ಕಿನ ಕೊಂಡಿ ಎಂಬುದನ್ನು ಮಾತ್ರ ಗಮನಿಸಬೇಕು.

ಗೇಟುಗಳ ಕೆಲಸದಲ್ಲಿ ಆಯುಷ್ಯ ಸವೆಸಿದ, ನಿವೃತ್ತಿಯ ವಯಸ್ಸು ದಾಟಿದ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಲಾಯಿತು. ಹರಿಯುವ ನೀರಿನಲ್ಲಿಯೇ ಬಾಗಿಲು ಇಳಿಸೋಣ ಎಂದರು ಅವರು. ಒಂದೇ ಗೇಟು ಇಳಿಸುವುದು ಸಾಧ್ಯವಿಲ್ಲ. ಅದನ್ನು ಐದು ಪಾಲು ಮಾಡಿ, 60 ಅಡಿ ಉದ್ದ, 4 ಅಡಿ ಎತ್ತರದ ಐದು ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಕೂಡಿಸುವುದು. ಎಂಜಿನಿಯರುಗಳು ಇದಕ್ಕೆ ಸ್ಟಾಪ್‌ಲಾಗ್ ಎನ್ನುತ್ತಾರೆ.

ಹೆಸರು ಹೊಸತಾದರೂ ಉಪಾಯ ನಮ್ಮ ಜನಕ್ಕೆ ಪರಿಚಿತವಾದದ್ದೇ. ಹಳೆಯ ಪೇಟೆಯ ಅಂಗಡಿಗಳನ್ನು ನೆನೆಸಿಕೊಳ್ಳಿ. ಸಂಜೆಗೆ ವ್ಯಾಪಾರಿ ಹಲಗೆಗಳನ್ನು ತೋಡಿನಲ್ಲಿ ಒಂದೊಂದಾಗಿ ಸರಿಸಿ, ಕೊನೆಯದಕ್ಕೆ ಬೀಗ ಹಾಕುತ್ತಿದ್ದ. ಹಲಗೆ ಅದಲುಬದಲಾಗದಂತೆ ಅಂಕಿ ಬರೆದಿರುತ್ತಿದ್ದ. ಅಲ್ಲಿ ಹಲಗೆ ನಿಂತಿರುತ್ತದೆ, ಇಲ್ಲಿ ಮಲಗಿರುತ್ತದೆ, ಅಷ್ಟೇ ಭೇದ. ಅದಕ್ಕಿಂತ ಹತ್ತಿರದ ಉದಾಹರಣೆ ಕೊಲ್ಲಾಪುರ ಮಾದರಿಯ ಬಾಂದಾರ. ಮಳೆಗಾಲದಲ್ಲಿ ಹೊಳೆಯನ್ನು ಹರಿಯಲು ಬಿಟ್ಟು, ಮಳೆ ನಿಂತ ಮೇಲೆ ಕಂಬಗಳ ನಡುವಿನ ತೋಡುಗಳಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ನಿಲ್ಲಿಸುವುದು ಅದರ ಕ್ರಮ. ಆದರೆ ಬಾಂದಾರಕ್ಕೆ ಹಲಗೆ ಹಾಕುವುದು ಹೊಳೆ ಬಡವಾದ ಮೇಲೆ. ಇಲ್ಲಿ ಹೊಳೆ ತುಂಬಿ ಮೊರೆಯುತ್ತಿರುವಾಗಲೇ ಹಾಕಬೇಕಾಗಿತ್ತು.

ಪಾಲು ಮಾಡಿದುದರ ಮರ್ಮ ಬರಿಯ ತೂಕ ತಗ್ಗಿಸುವುದಲ್ಲ. 20 ಅಡಿ ನೀರು ನಿಂತಾಗ ಇಡೀ ಗೇಟಿನ ಮೇಲೆ ಬೀಳುವ ಒತ್ತು ಗಣಿತದಂತೆ ಸುಮಾರು 340 ಟನ್. ನೀರು ಆಳವಾದಷ್ಟೂ ಒತ್ತು ಹೆಚ್ಚುವುದರಿಂದ ತಳದ ಹಲಗೆಯೊಂದೇ ಅದರಲ್ಲಿ 120 ಟನ್ನಿಗೂ ಹೆಚ್ಚು ಹೊರಬೇಕು. ಮೇಲಿನ ಹಲಗೆಗೆ ಬರುವುದು 14 ಟನ್ನಿನಷ್ಟು ಮಾತ್ರ. ಆದುದರಿಂದ ತಳದ ಹಲಗೆ ಹೊಸ್ತಿಲ ಮೇಲೆ ಓರೆಯಾಗದೆ ಕುಳಿತರೆ ಅರ್ಧ ಗೆದ್ದಂತೆ. ಅದು ಓರೆಯಾದರೆ ಕ್ರೇನು, ಹಲಗೆ, ಮೇಲೆ ನಿಂತ ಮನುಷ್ಯರು ಎಲ್ಲಕ್ಕೂ ಅಪಾಯ.

ಹಲಗೆಗಳನ್ನು ಸಿದ್ಧಪಡಿಸಿದ್ದು ದೂರದ ಯಾವುದೋ ನಗರವಲ್ಲ. ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ ಮತ್ತು ಹೊಸಪೇಟೆಯ ನಾರಾಯಣ ಎಂಜಿನಿಯರಿಂಗ್, ಹಿಂದೂಸ್ತಾನ್ ಎಂಜಿನಿಯರಿಂಗ್ ಎಂಬ ವರ್ಕ್‌ಶಾಪುಗಳು ಹಗಲಿರುಳು ದುಡಿದವು. ಇಂದಿನ ಕ್ರೇನು, ಇಂದಿನ ಉಕ್ಕು, ಇಂದಿನ ವೆಲ್ಡಿಂಗ್. ಅಳತೆ ಮಾತ್ರ ಎಪ್ಪತ್ತು ವರ್ಷದ ಹಿಂದಿನದು. ಹಳೆಯ ಗೇಟು ಏರಿಳಿಯುತ್ತಿದ್ದ ತೋಡಿನಲ್ಲಿಯೇ ಹೊಸ ಹಲಗೆ ಇಳಿಯಬೇಕು. ಆ ತೋಡಿನ ಕೆಳಭಾಗವನ್ನು ಕಣ್ಣಿಟ್ಟು ನೋಡಲು ನೀರು ಬಿಡಬೇಕಲ್ಲ! ಕಾಗದದ ಮೇಲೆ ಸರಿಯಾದದ್ದು ಸ್ಥಳದಲ್ಲಿ ಹೊಂದಲಿಲ್ಲ. ಮೊದಲ ಪ್ರಯತ್ನಗಳು ಕೈಗೂಡಲಿಲ್ಲ. ಅಡ್ಡಬಂದ ಭಾಗಗಳನ್ನು ತೆಗೆದು, ಕೂಡದ ಕಡೆಗಳನ್ನು ತಿದ್ದಿ, ಮತ್ತೆ ಎತ್ತಿ ಮತ್ತೆ ಇಳಿಸಬೇಕಾಯಿತು. ಕಾಯಕ ಎಂಬ ಮಾತನ್ನು ನಾವು ಸಭೆಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಕೆಳಗೆ ಪ್ರವಾಹ ಬೋರ್ಗರೆಯುತ್ತಿರಲು ಆ ಕಿರಿದಾದ ಜಾಗದಲ್ಲಿ ನಿಂತು ದುಡಿದ ವೆಲ್ಡರುಗಳಿಗೂ ಕ್ರೇನು ನಡೆಸಿದವರಿಗೂ ಅದನ್ನು ಮೀಸಲಿಟ್ಟರೆ ತಪ್ಪಲ್ಲ.

ಆಗಸ್ಟ್ 16ರಂದು ಮೊದಲ ಹಲಗೆ ಕುಳಿತಿತು. 17ರಂದು ಉಳಿದವು. ಒಂದು ವಾರದಲ್ಲಿ ಬಾಯಿ ಮುಚ್ಚಿತು. ಹೋದ ನೀರು ತುಂಬಿದ ಜಲಾಶಯದ ಮೂರನೆಯ ಒಂದು ಪಾಲಿನಷ್ಟು. ಮುಂದೆ ಮಲೆನಾಡಿನಲ್ಲಿ ಮಳೆ ಸುರಿದು ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿಕೊಂಡಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಂದು ಬಾಗಿನ ಅರ್ಪಿಸಿದರು. ಮಳೆ ಬಾರದಿದ್ದರೆ ಉಳಿಸಿಕೊಂಡ ನೀರೇ ಗತಿಯಾಗುತ್ತಿತ್ತೆಂಬುದನ್ನು ಬಾಗಿನದ ಸಂಭ್ರಮದಲ್ಲಿ ಮರೆಯಬಾರದು.

ತೇಪೆ ಎಷ್ಟು ಚೆನ್ನಾಗಿದ್ದರೂ ತೇಪೆಯೇ. ಮೇಲಿನಿಂದ ಕೂಡಿಸಿದ ಹಲಗೆಗಳನ್ನು ಗೇಟಿನಂತೆ ಬೇಕೆಂದಾಗ ಎತ್ತಿ ಇಳಿಸಲಾಗದು. ಎ.ಕೆ. ಬಜಾಜ್ ಅವರ ನೇತೃತ್ವದ ತಜ್ಞರ ಸಮಿತಿ 33 ಗೇಟುಗಳನ್ನೂ ಬದಲಾಯಿಸಬೇಕೆಂದು ಹೇಳಿತು. 2025ರ ಮುಂಗಾರಿನಲ್ಲಿ ಜಲಾಶಯವನ್ನು ಪೂರ್ತಿ ತುಂಬಗೊಡದೆ 80 ಟಿಎಂಸಿಯ ಮಿತಿಯಲ್ಲಿ ಇರಿಸಿಕೊಳ್ಳಲಾಯಿತು. ಆ ಸಾಲಿನ ಎರಡನೆಯ ಬೆಳೆಗೆ ನೀರು ಬಿಡದೆ ಗೇಟುಗಳ ಕೆಲಸ ಕೈಗೊಳ್ಳುವ ತೀರ್ಮಾನವೂ ಆಯಿತು. ಕಾಲುವೆಯ ಕೊನೆಭಾಗದ ರೈತನಿಗೆ ಇದು ಸಣ್ಣ ತ್ಯಾಗವಲ್ಲ. ಗದ್ದೆಯ ಕೂಲಿಯನ್ನೇ ನಂಬಿದ ಮನೆಗಳಿಗೆ ಇನ್ನೂ ದೊಡ್ಡದು. ಅಷ್ಟು ಬಿಟ್ಟುಕೊಟ್ಟವರಿಗೆ ಒಂದು ಪ್ರಶ್ನೆ ಕೇಳುವ ಅಧಿಕಾರವಂತೂ ಇದೆ: ಹೊಸ ಗೇಟುಗಳ ಜೊತೆಗೆ, ತೋಡಿಗೆ ಅಳೆದು ಮಾಡಿದ ಐದು ಹಲಗೆಗಳ ಒಂದು ಜೋಡಣೆ, ಅಂಕಿ ಬರೆದು, ಅಣೆಕಟ್ಟಿನ ಬಳಿಯಲ್ಲಿಯೇ ಸದಾ ಸಿದ್ಧವಾಗಿ ಇರುವುದೋ ಇಲ್ಲವೋ?