ಒಂದು ತೊಟ್ಟು ಎಣ್ಣೆಯ ಲೆಕ್ಕ

ಗ್ಲಾಕ್ ಪಿಸ್ತೂಲಿನ ಕೈಪಿಡಿ ಎಣ್ಣೆಯ ವಿಚಾರಕ್ಕೆ ಬಂದರೆ ಬಲು ಜಿಪುಣ. ಟ್ರಿಗರ್ ಬಾರ್‌ನ ಹಿಂದಿನ ಮೂಲೆ ಕನೆಕ್ಟರ್ ಎಂಬ ಸಣ್ಣ ತಗಡಿಗೆ ತಾಗುವ ಜಾಗಕ್ಕೆ ಒಂದು ತೊಟ್ಟು, ಸ್ಲೈಡ್ ಓಡಾಡುವ ಹಳಿಗಳಿಗೆ ಒಂದೊಂದು ತೊಟ್ಟು, ನಳಿಗೆಯ ಹೊರಮೈಗೆ ಎಣ್ಣೆ ಸವರಿದಷ್ಟು. ಮುಗಿಯಿತು. ಕಾರ್ಖಾನೆಯಲ್ಲೇ ಹಚ್ಚಿ ಕಳಿಸಿದ ತಾಮ್ರಬಣ್ಣದ ಗ್ರೀಸನ್ನು ಒರೆಸಿ ಹಾಕಬೇಡಿ ಎಂಬ ಎಚ್ಚರಿಕೆಯೂ ಉಂಟು. ಇಷ್ಟೆಲ್ಲ ಓದಿದ ಮೇಲೂ ಹೊಸದಾಗಿ ಪಿಸ್ತೂಲು ಕೊಂಡವರು ಬಾಟಲಿ ಬಗ್ಗಿಸಿ ಅದಕ್ಕೊಂದು ಅಭ್ಯಂಜನ ಮಾಡಿಸಿಬಿಡುತ್ತಾರೆ. ಆಮೇಲೆ ಶುರುವಾಗುವುದು ವಾದ: ಯಾವ ಎಣ್ಣೆ ಶ್ರೇಷ್ಠ? ಆ ಕಂಪನಿಯದೋ, ಈ ಕಂಪನಿಯದೋ? ಗ್ರೀಸೇ ಒಳ್ಳೆಯದಲ್ಲವೇ? ಕಾರಿನ ಇಂಜಿನ್ ಆಯಿಲ್ ಹಾಕಿದರೆ ಏನಾಗುತ್ತದೆ?

ಇದಕ್ಕೆ ಉತ್ತರ ಬಾಟಲಿಯ ಚೀಟಿಯಲ್ಲಿ ಸಿಗುವುದಿಲ್ಲ. ಗುಂಡು ಹಾರಿದಾಗ ಎರಡು ಲೋಹಗಳ ನಡುವೆ ನಡೆಯುವುದೇನು ಎಂದು ನೋಡಬೇಕು. ಅದಕ್ಕಿಂತ ಹೆಚ್ಚಾಗಿ, ಗುಂಡು ಹಾರದೆ ಇರುವಾಗ ನಡೆಯುವುದೇನು ಎಂದೂ ನೋಡಬೇಕು.

ಒಂಬತ್ತು ಮಿಲಿಮೀಟರಿನ ಪಿಸ್ತೂಲನ್ನೇ ತೆಗೆದುಕೊಳ್ಳೋಣ. ತೋಟಾದೊಳಗೆ ಮದ್ದು ಉರಿದಾಗ ಒತ್ತಡ 2,300 ವಾತಾವರಣದವರೆಗೂ ಏರಬಹುದು. ಕಾರಿನ ಟಯರಿನ ಗಾಳಿಗೆ ಹೋಲಿಸಿದರೆ ಸುಮಾರು ಸಾವಿರ ಪಟ್ಟು. ಎಂಟು ಗ್ರಾಂ ತೂಕದ ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಮುಂದೆ ಹೋದರೆ, ಅಷ್ಟೇ ಆವೇಗ ಹಿಂದಕ್ಕೂ ಬರಬೇಕು. ಅದನ್ನು ಹೊರುವುದು ಅರ್ಧ ಕಿಲೋಗೂ ಕಡಿಮೆ ತೂಗುವ ಸ್ಲೈಡ್ ಮತ್ತು ನಳಿಗೆ. ಗುಣಿಸಿ ಭಾಗಿಸಿದರೆ ಸ್ಲೈಡಿನ ವೇಗ ಸೆಕೆಂಡಿಗೆ ಆರು ಮೀಟರಿನ ಆಸುಪಾಸು. ಓಡಬೇಕಾದ ದೂರವೋ ಐದು ಸೆಂಟಿಮೀಟರಿನಷ್ಟು. ಅಷ್ಟರೊಳಗೆ ಖಾಲಿ ತೋಟಾ ಹೊರಗೆಸೆದು, ಸ್ಪ್ರಿಂಗನ್ನು ಅದುಮಿ, ನಿಂತು, ಸ್ಪ್ರಿಂಗಿನ ಬಲದಿಂದ ಮರಳಿ ಹೊಸ ತೋಟಾವನ್ನು ತಳ್ಳಿಕೊಂಡು ಬಂದು ಮತ್ತೆ ನಿಲ್ಲಬೇಕು. ‘ನಿಲ್ಲಬೇಕು’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಎಣ್ಣೆಗೆ ಕಷ್ಟ ಬರುವುದು ಅಲ್ಲೇ.

ಎಣ್ಣೆ ಜಾರಿಸುವುದು ಹೇಗೆ ಎಂಬುದು ಗೊತ್ತಾದದ್ದು ಒಂದು ತಮಾಷೆಯ ಘಟನೆಯಿಂದ. 1883ರಲ್ಲಿ ಬೋಷಾಂಪ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲ್ವೆ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಗೊಂದು ತೂತು ಕೊರೆದ. ಯಂತ್ರ ತಿರುಗತೊಡಗಿದ್ದೇ ತಡ, ಒಳಗೆ ಹೋಗಬೇಕಾದ ಎಣ್ಣೆ ತೂತಿನಿಂದ ಹೊರಗೆ ಉಕ್ಕಿತು. ಬಿರಡೆ ಜಡಿದ, ಬಿರಡೆ ಮೇಲೆದ್ದು ಬಂತು. ಮರದ ಬೆಣೆ ಹೊಡೆದ, ಅದೂ ಬಂತು. ಕೊನೆಗೆ ಒತ್ತಡದ ಮಾಪಕ ಕೂಡಿಸಿದರೆ ಮುಳ್ಳು ಚದರ ಇಂಚಿಗೆ 200 ಪೌಂಡು ದಾಟಿತು. ತಿರುಗುವ ದಂಡ ಎಣ್ಣೆಯನ್ನು ತನ್ನ ಜೊತೆಗೆ ಸಂದಿಯೊಳಗೆ ಎಳೆದುಕೊಂಡು ಹೋಗಿ, ಆ ಒತ್ತಡದ ಮೇಲೆ ತಾನೇ ತೇಲುತ್ತಿತ್ತು. ಮೂರು ವರ್ಷದ ನಂತರ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದ. ಕಾರಿನ ಇಂಜಿನ್ನಿನಲ್ಲಿ ಕ್ರ್ಯಾಂಕು ತಿರುಗುವುದು ಹೀಗೆ ಎಣ್ಣೆಯ ಮೇಲೆ ತೇಲಿಕೊಂಡೇ.

ಆದರೆ ತೇಲಬೇಕಾದರೆ ಓಡುತ್ತಲೇ ಇರಬೇಕು. 1902ರಲ್ಲಿ ರಿಚರ್ಡ್ ಸ್ಟ್ರೀಬೆಕ್ ಎಂಬ ಜರ್ಮನ್ ಎಂಜಿನಿಯರ್ ಬಿಡಿಸಿದ ವಕ್ರರೇಖೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ವೇಗ ಇಳಿಯುತ್ತಾ ಬಂದಂತೆ ಎಣ್ಣೆಯ ಪದರ ತೆಳುವಾಗಿ, ಲೋಹದ ಏಣುಗಳು ಒಂದಕ್ಕೊಂದು ತಾಗತೊಡಗಿ, ಘರ್ಷಣೆ ಸರ್ರನೆ ಏರುತ್ತದೆ. ಪಿಸ್ತೂಲಿನ ಸ್ಲೈಡು ಒಂದು ಗುಂಡಿಗೆ ಎರಡು ಸಲ ಪೂರ್ತಿ ನಿಲ್ಲುತ್ತದೆ. ಹೊರಡುವಾಗಲೂ ನಿಂತಲ್ಲಿಂದಲೇ ಹೊರಡಬೇಕು. ತೇಲುವ ಭಾಗ್ಯ ಅದಕ್ಕಿಲ್ಲ. ಅಲ್ಲಿ ಎಣ್ಣೆ ಎಷ್ಟು ದಪ್ಪ, ಎಷ್ಟು ಜಾರು ಎನ್ನುವುದಕ್ಕಿಂತ, ಲೋಹಕ್ಕೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ ಎಂಬುದೇ ಮುಖ್ಯ. ನನ್ನ ಮಟ್ಟಿಗೆ ಇಡೀ ಚರ್ಚೆಯ ಕೀಲು ಇದು.

ಕೀಲು ಎಂದಾಗ ಕೀಲೆಣ್ಣೆ ನೆನಪಾಗದಿರದು. ಎತ್ತಿನಗಾಡಿಯ ಅಚ್ಚಿಗೆ ನಮ್ಮ ಹಳ್ಳಿಗರು ಹಚ್ಚುತ್ತಿದ್ದುದು ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಕರೀ ಮುದ್ದೆ. ಗಾಡಿಯ ಚಕ್ರವೂ ಪಿಸ್ತೂಲಿನ ಸ್ಲೈಡಿನ ಹಾಗೆಯೇ ತೇಲುವ ಯೋಗವಿಲ್ಲದ್ದು: ಭಾರ ಹೆಚ್ಚು, ವೇಗ ಕಮ್ಮಿ, ನಿಂತು ನಿಂತು ಹೊರಡುವುದು. ಹರಳೆಣ್ಣೆಯ ಶೇ. 85ರಿಂದ 90ರಷ್ಟು ಕೊಬ್ಬಿನಾಮ್ಲ ರಿಸಿನೋಲಿಕ್ ಆಮ್ಲವೊಂದೇ. ಇದರ ಅಣುವಿನ ತಲೆಗೆ ಲೋಹವೆಂದರೆ ಸೆಳೆತ, ಬಾಲಕ್ಕೆ ಅದರ ಗೊಡವೆಯಿಲ್ಲ. ನಾಟಿ ಮಾಡಿದ ಭತ್ತದ ಪೈರಿನಂತೆ ಅಣುಗಳು ತಲೆಯನ್ನು ಲೋಹದಲ್ಲಿ ಊರಿ, ಬಾಲ ಮೇಲಕ್ಕೆತ್ತಿ ಒತ್ತಾಗಿ ನಿಲ್ಲುತ್ತವೆ. ಎದುರಿನ ಲೋಹದ ಮೇಲೂ ಇಂಥದೇ ಒಂದು ಗದ್ದೆ. ಎರಡು ಗದ್ದೆಗಳ ಪೈರಿನ ತುದಿಗಳು ಒಂದರ ಮೇಲೊಂದು ಜಾರುತ್ತವೆಯೇ ಹೊರತು ನೆಲಕ್ಕೆ ನೆಲ ತಾಗುವುದಿಲ್ಲ. ವಿಲಿಯಂ ಹಾರ್ಡಿ 1920ರ ದಶಕದಲ್ಲಿ ಈ ಬಗೆಯ ಜಾರಿಕೆಯನ್ನು ಅಳೆದು ತೋರಿಸಿದ. ಮೊದಲ ಮಹಾಯುದ್ಧದ ವಿಮಾನಗಳ ಸುತ್ತು ಇಂಜಿನ್ನುಗಳು ಕುಡಿದದ್ದೂ ಹರಳೆಣ್ಣೆಯನ್ನೇ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದು ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ.

ಹಾಗಾದರೆ ಪಿಸ್ತೂಲಿಗೂ ಹರಳೆಣ್ಣೆಯೇ ಸಾಕಲ್ಲ? ಸಾಲದು. ಸಸ್ಯಜನ್ಯ ಎಣ್ಣೆಗಳು ಗಾಳಿ ತಾಗಿ ತಾಗಿ ಅಂಟಾಗುತ್ತವೆ. ಅಡುಗೆಮನೆಯಲ್ಲಿ ಎಣ್ಣೆ ಡಬ್ಬಿಯ ಹೊರಗೆ ಸೋರಿ ಕೂತ ಜಿಡ್ಡನ್ನು ಉಗುರಿನಲ್ಲಿ ಕೆರೆದವರಿಗೆ ಹೆಚ್ಚು ಹೇಳಬೇಕಿಲ್ಲ. ಗಾಡಿಗೆ ವಾರಕ್ಕೊಮ್ಮೆ ಹೊಸ ಕೀಲೆಣ್ಣೆ ಬೀಳುತ್ತಿತ್ತು. ಪಿಸ್ತೂಲು ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಲಗಿರಬಹುದು. ಅದಕ್ಕೇ ಇಂದಿನ ಬಂದೂಕಿನ ಎಣ್ಣೆಗಳು ಖನಿಜ ಇಲ್ಲವೇ ಸಂಶ್ಲೇಷಿತ ಎಣ್ಣೆಯ ತಳಹದಿಯ ಮೇಲೆ, ತಲೆಯೂರಿ ನಿಲ್ಲುವ ಇಂಥ ಅಣುಗಳನ್ನು ಒಂದಿಷ್ಟು ಬೆರೆಸಿಕೊಳ್ಳುತ್ತವೆ. ಇಂಜಿನ್ ಆಯಿಲ್‌ನಲ್ಲೂ ಸವೆತ ತಡೆಯುವ ಸಾಮಗ್ರಿ ಇದ್ದೇ ಇರುತ್ತದೆ. ಅದನ್ನು ಹಾಕಿದರೆ ಪಿಸ್ತೂಲು ಕೆಟ್ಟುಹೋಗುತ್ತದೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಗ್ರೀಸು ಎಂದರೆ ಎಣ್ಣೆ ಹೀರಿದ ಸ್ಪಂಜು. ಲೀಥಿಯಂ ಮುಂತಾದ ಸಾಬೂನಿನ ನೂಲುಗಳ ಬಲೆಯೊಳಗೆ ಎಣ್ಣೆ ಕೂತಿರುತ್ತದೆ, ಒತ್ತಿದಾಗ ಬಸಿಯುತ್ತದೆ. ಸುರಿದು ಹೋಗುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಲೋಹದ ಜೋಡಿ ತಂಟೆಕೋರ ಆಗಿದ್ದಾಗ ಅದರ ಬೆಲೆ ತಿಳಿಯುತ್ತದೆ. ಒಂದೇ ಬಗೆಯ ಸ್ಟೇನ್‌ಲೆಸ್ ಸ್ಟೀಲಿನ ಎರಡು ಮೈಗಳು ಉಜ್ಜಿಕೊಂಡರೆ ಬೆಸುಗೆ ಹಾಕಿದಂತೆ ಅಲ್ಲಲ್ಲಿ ಕಚ್ಚಿಕೊಳ್ಳುತ್ತವೆ. 1970ರ ದಶಕದ ಮೊದಮೊದಲ ಸ್ಟೇನ್‌ಲೆಸ್ ಪಿಸ್ತೂಲುಗಳು ಈ ರೋಗದಿಂದಲೇ ಹೆಸರು ಕೆಡಿಸಿಕೊಂಡವು. ಬೆರೆಟಾ 92ರಂಥ ಅಲ್ಯುಮಿನಿಯಂ ಚೌಕಟ್ಟಿನ ಪಿಸ್ತೂಲಿನ ಹಳಿಗಳಿಗೂ ಗ್ರೀಸಿನ ತೆಳು ಲೇಪ ಒಳ್ಳೆಯದೇ. ಗ್ಲಾಕ್‌ನದು ಪ್ಲಾಸ್ಟಿಕ್ ಚೌಕಟ್ಟು, ಅದರಲ್ಲಿ ಹುದುಗಿದ ಉಕ್ಕಿನ ಹಳಿ ನಾಲ್ಕೇ ತುಂಡು. ತಾಗುವ ಜಾಗವೇ ಕಮ್ಮಿ, ಅದಕ್ಕೇ ಕೈಪಿಡಿಯ ಆ ಜಿಪುಣತನ.

ಘರ್ಷಣೆ ಬೇಕೇ ಬೇಕಾದ ಜಾಗವೂ ಪಿಸ್ತೂಲಿನಲ್ಲಿದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ತೋಟಾ ಕೂರುವ ಕೋಣೆಯೇ ಅದು. ಮದ್ದು ಉರಿದಾಗ ಹಿತ್ತಾಳೆಯ ತೋಟಾ ಉಬ್ಬಿ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಆ ಹಿಡಿತ ಸ್ಲೈಡಿನ ಮೇಲೆ ಬೀಳುವ ಹೊಡೆತದಲ್ಲಿ ಒಂದು ಪಾಲನ್ನು ತಾನು ಹೊರುತ್ತದೆ. ಅಲ್ಲಿ ಎಣ್ಣೆಯಿದ್ದರೆ ಹಿಡಿತ ಜಾರಿ, ಹೊಡೆತವೆಲ್ಲ ಹಿಂದಕ್ಕೆ. ಫೈರಿಂಗ್ ಪಿನ್ನಿನ ಕೊಳವೆಗೂ ಎಣ್ಣೆ ಸಲ್ಲದು, ಮಸಿ ಕೂಡಿಕೊಂಡು ಅಂಟಾಗುತ್ತದೆ. ಮ್ಯಾಗಜೀನಿಗೂ ಬೇಡ. ಎಣ್ಣೆ ತೋಟಾದ ಬುಡದಿಂದ ಒಳಗಿಳಿದು ಕಿಡಿಮದ್ದನ್ನು ಹಾಳುಮಾಡೀತು. ಇಟಲಿಯವರ ಬ್ರೆಡಾ 30 ಲಘು ಮೆಷಿನ್‌ಗನ್ನಿನಲ್ಲಿ ಪ್ರತಿ ತೋಟಾಕ್ಕೂ ಎಣ್ಣೆ ಸವರುವ ಪುಟ್ಟ ಪಂಪೇ ಇತ್ತು, ತೋಟಾ ಸಲೀಸಾಗಿ ಹೊರಬರಲಿ ಎಂದು. ಎರಡನೇ ಮಹಾಯುದ್ಧದಲ್ಲಿ ಅದು ಉತ್ತರ ಆಫ್ರಿಕಾದ ಮರಳಿಗೆ ಇಳಿಯಿತು. ಎಣ್ಣೆ ಮೆತ್ತಿದ ತೋಟಾ ಧೂಳಿನಲ್ಲಿ ಓಡಾಡಿದರೆ ಆಗುವುದೇನು? ಉಂಡೆಯನ್ನು ರವೆಯಲ್ಲಿ ಹೊರಳಿಸಿದ ಹಾಗೆ.

ಚಳಿಯ ಪಾಠ ಇನ್ನೊಂದು ಬಗೆ. ಡಿಸೆಂಬರಿನ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿ ಬೋರಲು ಹಾಕಿದರೂ ತೊಟ್ಟು ಬೀಳುವುದಿಲ್ಲ. ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುವ ಎಣ್ಣೆ. 1941ರ ಚಳಿಗಾಲದಲ್ಲಿ ರಷ್ಯಾದೊಳಗೆ ನುಗ್ಗಿದ ಜರ್ಮನ್ ಸೈನಿಕರ ಬಂದೂಕುಗಳಿಗೆ ಆದದ್ದೂ ಇದೇ, ಇನ್ನೂ ಕೆಳಗಿನ ತಾಪದಲ್ಲಿ. ಎಣ್ಣೆ ಗಟ್ಟಿಯಾಗಿ ಯಂತ್ರಭಾಗಗಳು ಅಲುಗದಾದವು. ಮೈನಸ್ 40ಕ್ಕೂ ಕೆಳಗಿಳಿಯುವ ಸಿಯಾಚಿನ್‌ಗೆ ಹೊಂದುವ ಎಣ್ಣೆ ರಾಯಚೂರಿನ ಮೇ ತಿಂಗಳಲ್ಲಿ ನೀರಾಗಿ ಇಳಿದುಹೋದೀತು. ಅಮೆರಿಕದ ಸೇನೆ ಒಂದೇ ಬಾಟಲಿಯಲ್ಲಿ ತೊಳೆಯುವ, ಜಾರಿಸುವ, ತುಕ್ಕು ತಡೆಯುವ ಮೂರೂ ಕೆಲಸ ಬೇಕೆಂದು ಸಿಎಲ್‌ಪಿ ಎಂಬ ಮಾನದಂಡ ಮಾಡಿ, ಮೈನಸ್ 51ರಿಂದ 71 ಡಿಗ್ರಿಯವರೆಗೆ ಅದು ನಡೆಯಬೇಕೆಂದಿತು. ಮೂರು ಕೆಲಸಕ್ಕೆ ಒಬ್ಬನೇ ಆಳು. ಮೂರರಲ್ಲೂ ಅವನು ಪರವಾಗಿಲ್ಲ, ಒಂದರಲ್ಲೂ ಮೊದಲಿಗನಲ್ಲ. ಒಂದೇ ಬಾಟಲಿ ಇಟ್ಟುಕೊಳ್ಳುವವರಿಗೆ ನಾನು ಹೇಳುವುದೂ ಅದನ್ನೇ.

ಶಕ್ತಿ ಕಡಿಮೆಯಿದ್ದಲ್ಲಿ ಎಣ್ಣೆಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಬಳಸುವುದು .22 ಪಿಸ್ತೂಲು. ಅದರ ತೋಟಾದ ಶಕ್ತಿ ಒಂಬತ್ತು ಮಿಲಿಮೀಟರಿನದರ ಕಾಲು ಭಾಗದಷ್ಟು ಇದ್ದೀತು. ಅಲ್ಲಿ ನಾಲ್ಕು ಸೆಕೆಂಡಿನಲ್ಲಿ ಐದು ಗುಂಡು ಹೊಡೆಯುವ ಸುತ್ತೂ ಬರುತ್ತದೆ. ಗಟ್ಟಿ ಗ್ರೀಸು ಹಾಕಿದರೆ ಸ್ಲೈಡು ಅರ್ಧದಲ್ಲೇ ಸುಸ್ತಾದೀತು. ಆ ತೋಟಾಗಳ ಸೀಸದ ಗುಂಡಿಗೆ ಮೇಣ ಬೇರೆ ಸವರಿರುತ್ತದೆ, ಅದೂ ಮಸಿಯೂ ಸೇರಿ ಒಳಗೆಲ್ಲ ಕರೀ ಗಸಿ. ತೆಳು ಎಣ್ಣೆ, ಮತ್ತೆ ಮತ್ತೆ ಒರೆಸುವುದು, ಅದೇ ಮದ್ದು.

ಇನ್ನು ಸುಮ್ಮನೆ ಬಿದ್ದಿರುವ ಕಾಲದ ಮಾತು. ಒಂದು ಗುಂಡಿಗೆ ಸ್ಲೈಡು ಓಡುವುದು ಸೆಕೆಂಡಿನ ಹತ್ತನೇ ಒಂದು ಭಾಗವೂ ಇಲ್ಲ. ಮಿಕ್ಕ ಆಯುಷ್ಯವೆಲ್ಲ ಪೆಟ್ಟಿಗೆಯಲ್ಲಿ, ಬೆಲ್ಟಿನ ಚೀಲದಲ್ಲಿ, ಬೆವರಿನ ಪಕ್ಕದಲ್ಲಿ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ ಬರುವುದು ಸೆಪ್ಟೆಂಬರಿನ ಮೊದಲಿಗೆ, ನಾಟಿ ಮುಗಿದ ಮೇಲೆ. ಮಳೆಗಾಲವೆಲ್ಲ ಒಳಗಿದ್ದ ಕೋವಿಗಳನ್ನು ಹೊರತೆಗೆದು, ಉಜ್ಜಿ, ಒರೆಸಿ, ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆಗಿಡುತ್ತಾರೆ. ಅಲ್ಲಿ ಇರುವುದು ಕೋವಿ, ಪಿಸ್ತೂಲಲ್ಲ; ಆದರೆ ತುಕ್ಕಿಗೆ ಆ ಭೇದವಿಲ್ಲ. ಮೂರು ತಿಂಗಳ ಜಡಿಮಳೆಯಲ್ಲಿ ಗೋಡೆಯೇ ಬೆವರುವ ಮನೆಯೊಳಗೆ ಲೋಹವನ್ನು ಕಾಯುವುದು ಎಣ್ಣೆಯ ದಪ್ಪವಲ್ಲ, ಅದರೊಳಗಿನ ತುಕ್ಕುನಿರೋಧಕ ಸಲ್ಫೊನೇಟಿನಂಥ ಅಣುಗಳು. ಅವೂ ತಲೆಯನ್ನು ಲೋಹದಲ್ಲಿ ಊರಿ ನಿಲ್ಲುವ ಜಾತಿಯವೇ, ನೀರಿಗೆ ಜಾಗ ಬಿಡುವುದಿಲ್ಲ. ಮನೆಮನೆಯಲ್ಲಿರುವ ಡಬ್ಲ್ಯುಡಿ-40 ಸ್ಪ್ರೇ 1953ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಹುಟ್ಟಿದ್ದು ನೀರನ್ನು ಓಡಿಸಲಿಕ್ಕೆ, ನಲವತ್ತನೇ ಪ್ರಯತ್ನದಲ್ಲಿ. ಹೆಸರೇ ಅದನ್ನು ಹೇಳುತ್ತದೆ. ಒದ್ದೆಯಾದ ಪಿಸ್ತೂಲಿಗೆ ಅದು ಒಳ್ಳೆಯ ಪ್ರಥಮ ಚಿಕಿತ್ಸೆ. ಆದರೆ ಬಹುಪಾಲು ದ್ರಾವಕ ಹಾರಿಹೋಗಿ ತೆಳು ಪೊರೆಯಷ್ಟೇ ಉಳಿಯುವುದರಿಂದ, ಹಳಿಗಳ ಉಜ್ಜಾಟಕ್ಕೆ ಅದನ್ನೊಂದನ್ನೇ ನಂಬಿ ಕೂರಲಾಗದು.

ಪರವಾನಗಿಯ ಪಿಸ್ತೂಲು ಇದ್ದವರು ಎಣ್ಣೆ ಬಾಟಲಿ ಮುಟ್ಟುವ ಮೊದಲು ಮ್ಯಾಗಜೀನ್ ತೆಗೆದು, ಕೋಣೆ ಖಾಲಿಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಬೇಕೆಂದು ಹೇಳುವುದು ಬೇಡವಷ್ಟೇ? ಇಲ್ಲದವರು ಇದನ್ನೆಲ್ಲ ನಾಲ್ಕು ಕಬ್ಬಿಣದ ಮೊಳೆಗಳಲ್ಲೇ ನೋಡಬಹುದು. ಮರಳು ಕಾಗದದಲ್ಲಿ ಮೊಳೆಗಳನ್ನು ಹೊಳೆಯುವಂತೆ ಉಜ್ಜಿ. ಒಂದಕ್ಕೆ ಹೊಲಿಗೆ ಯಂತ್ರದ ಎಣ್ಣೆ, ಒಂದಕ್ಕೆ ಹರಳೆಣ್ಣೆ, ಒಂದಕ್ಕೆ ಗ್ರೀಸು ಸವರಿ. ನಾಲ್ಕನೆಯದಕ್ಕೆ ಏನೂ ಬೇಡ, ಹೆಬ್ಬೆರಳಲ್ಲಿ ಒಮ್ಮೆ ಗಟ್ಟಿಯಾಗಿ ಒತ್ತಿದರೆ ಸಾಕು. ಎಲ್ಲವನ್ನೂ ಮುಚ್ಚಳದ ಡಬ್ಬಿಯಲ್ಲಿ, ತಳಕ್ಕೆ ಸ್ವಲ್ಪ ಉಪ್ಪುನೀರು ಬಿಟ್ಟು, ನೀರು ತಾಗದ ಹಾಗೆ ನಿಲ್ಲಿಸಿಡಿ. ವಾರ ಕಳೆದು ಮುಚ್ಚಳ ತೆಗೆದಾಗ ನಾಲ್ಕನೆಯ ಮೊಳೆಯನ್ನು ಬೆಳಕಿಗೆ ಹಿಡಿದು ನೋಡಿ, ಬೆವರಿನ ಬೆರಳು ಕೂತಿದ್ದ ಜಾಗವನ್ನು.