ಮೊದಲು ಸೊಂಟ, ಆಮೇಲೆ ಶ್ರುತಿ

ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ, ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗನಾಗಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಸ್ಯಾಕ್ಸೋಫೋನಿಗೆ ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡ್ ಕೇಳಿ. ಬ್ಯಾಂಡಿನವರು ನಿಂತು ಊದುವ ಆ ವಾದ್ಯವನ್ನು ಅವರು ಚಕ್ಕಳಮಕ್ಕಳ ಹಾಕಿ ಕೂತು ನುಡಿಸಿದರು. ಗಮಕ ಹೇಗೆ ಬಂತೆಂದು ಎಲ್ಲರೂ ಕೇಳುತ್ತಾರೆ. ಹಾಗೆ ಕೂತು ಊದಿದ್ದು ಹೇಗೆಂದು ಕೇಳುವವರು ಕಡಿಮೆ.

ಆಲ್ಟೋ ಸ್ಯಾಕ್ಸೋಫೋನ್ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಭಾರವೆಲ್ಲ ಕುತ್ತಿಗೆಯ ಪಟ್ಟಿಗೆ. ಕೂತಾಗ ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಸೊಂಟ ಹಿಂದಕ್ಕೆ ವಾಲಿ ಬೆನ್ನು ಗೂನಾಗುತ್ತದೆ. ಹೊಟ್ಟೆ ಅಮುಕಿಕೊಂಡು ವಪೆ ಇಳಿಯಲು ಜಾಗ ಸಾಲದು. ಉಸಿರು ಎದೆಯ ಮೇಲ್ಭಾಗದಲ್ಲೇ ಆಡಿ ಭುಜ ಏರುತ್ತದೆ. ಉದ್ದದ ಸಂಗತಿ ಮುಗಿಯುವ ಮೊದಲೇ ಗಾಳಿ ಮುಗಿದರೆ ದವಡೆ ರೀಡನ್ನು ಕಚ್ಚಿ ಶ್ರುತಿ ಮೇಲೆ ಹೋಗುತ್ತದೆ. ಆಗ ಬೈಗುಳವೆಲ್ಲ ಕಿವಿಗೆ! ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಕೆಳಗಿಟ್ಟು ಕೂತರೆ ಮಂಡಿ ಇಳಿಯುತ್ತದೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಭ್ರಾಮರಿ ಪ್ರಾಣಾಯಾಮದಲ್ಲಿ ತುಟಿ ಮುಚ್ಚಿದರೂ ಹಲ್ಲಿಗೆ ಹಲ್ಲು ತಾಗದಂತೆ ನೋಡಿಕೊಳ್ಳುತ್ತೇವಲ್ಲ, ಊದುವವರಿಗೆ ಬೇಕಾದ ಸಡಿಲ ದವಡೆಯ ಅಭ್ಯಾಸ ಅದೇ. ಶೀರ್ಷಾಸನದ ಹಂಗಿಲ್ಲ.

ವಾದಕರಿಗೆ ಯೋಗ ಎಂಬುದು ಹೊಸ ಮಾತೂ ಅಲ್ಲ. ಮೈಸೂರು ಅರಮನೆಯ ಯೋಗಶಾಲೆಯ ಕೃಷ್ಣಮಾಚಾರ್ಯರ ಬಳಿ ಕಲಿತ, ಕೋಲಾರ ಕಡೆಯ ಬೆಳ್ಳೂರಿನ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರನ್ನು ಪಿಟೀಲುವಾದಕ ಯೆಹೂದಿ ಮೆನುಹಿನ್ 1952ರಲ್ಲಿ ಮುಂಬೈಯಲ್ಲಿ ಕಂಡರು. ಮುಂದೆ ಅಯ್ಯಂಗಾರರನ್ನೇ ತಮ್ಮ ಅತ್ಯುತ್ತಮ ಪಿಟೀಲು ಗುರುವೆಂದು ಕರೆದರು. ಅರಮನೆಯ ಬ್ಯಾಂಡು, ಅರಮನೆಯ ಯೋಗಶಾಲೆ ಎರಡೂ ಒಂದೇ ಊರಿನವು. ಅವು ಪರಸ್ಪರ ಮಾತಾಡಿಕೊಳ್ಳಲು ಪಿಟೀಲಿನವನೊಬ್ಬ ಹೊರಗಿನಿಂದ ಬರಬೇಕಾಯಿತೇ ಎಂದು ನನಗೆ ತಮಾಷೆ.

ನಮ್ಮ ಕರಾವಳಿಯಲ್ಲಿ ಸಂಗೀತಕ್ಕೂ ಯೋಗಕ್ಕೂ ನಡುವಿನ ದೂರ ಇನ್ನೂ ಕಡಿಮೆ. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ 1989ರಿಂದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜಿದೆ. ಧರ್ಮಸ್ಥಳದ ಯಕ್ಷಗಾನ ಮೇಳ ಪಕ್ಕದಲ್ಲೇ. ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಯೋಗ ಕಾಲೇಜೂ ಇದೆ, ವಿರಾಸತ್ ಉತ್ಸವದ ಸಂಗೀತವೂ ಇದೆ. ಯೋಗದ ಗುರು ಬೆನ್ನುನೋವು ಬಂದ ಮೇಲಲ್ಲ, ಹಿಮ್ಮೇಳದ ತರಗತಿಯ ಮೊದಲ ದಿನವೇ ಬೇಕು.

ಏಕೆಂದರೆ ತೆಂಕುತಿಟ್ಟಿನ ಚೆಂಡೆಯವರು ಹೆಗಲಿಗೆ ಚೆಂಡೆ ಹಾಕಿ ನಿಂತೇ ಬಾರಿಸುತ್ತಾರೆ. ಕಾಲಮಿತಿ ಬಂದ ಮೇಲೆ ಎಷ್ಟೋ ಆಟ ನಡುರಾತ್ರಿಗೆ ಮುಗಿಯುತ್ತದೆ, ನಿಜ. ಆದರೆ ಮರುದಿನ ಮತ್ತೊಂದು ಊರು. ಪಟ್ಟಿ ಬಿಚ್ಚಿದೊಡನೆ ಚೌಕಿಯಲ್ಲಿ ಅಂಗಾತ ಮಲಗಿ, ಮೀನಖಂಡವನ್ನು ವೇಷದ ಪೆಟ್ಟಿಗೆಯ ಮೇಲಿಟ್ಟು ಹತ್ತು ನಿಮಿಷ ಇದ್ದರೆ ಸೊಂಟಕ್ಕೆ ಆರಾಮ. ಪೆಟ್ಟಿಗೆ ಲಾರಿಗೆ ಏರುವ ಮೊದಲೇ ಮಾಡಬೇಕು, ಅಷ್ಟೆ.